ಮಗಳ ಮೇಡಂ

ಕಾಲೇಜಿಗೆ ಹೋಗೋದಿಲ್ಲ ಅಂತ ಮಗಳು ಹೇಳಿದಾಗ ಟೈಲರಮ್ಮನ ಬಾಯ್ತುಂಬ ಗುಂಡುಸೂಜಿಗಳಿದ್ದವು. ಹಾಗಾಗಿ ತಕ್ಷಣಕ್ಕೆ ಬೈಯಲಾಗಲಿಲ್ಲ. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುವಷ್ಟರಲ್ಲಿ ಮಗಳು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಳು.

ಪೇಟೆಯಲ್ಲಿ ಒಂದು ಆಡಿಟ್ ಆಫೀಸಿದೆ. ಕಂಪನಿಗಳ ಲೆಕ್ಕಪತ್ರ ಸರಿಯಾಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ಶಾಲೆ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು ತಾವೇ ಕೆಲಸ ಕಲಿಸುತ್ತಾರೆ, ವಾರಕ್ಕೊಮ್ಮೆ ಪಾಠಕ್ಕೆ ಕಳಿಸುತ್ತಾರೆ, ಪರೀಕ್ಷೆಗಳನ್ನು ಬರೆಸುತ್ತಾರೆ, ತಿಂಗಳಿಗಿಷ್ಟು ಅಂತ ಕೈಗೂ ಕೊಡುತ್ತಾರೆ. ಎಲ್ಲ ಪಾಸಾದರೆ ಡಿಗ್ರಿ ಮಾಡಿ ಬಂದವರ ಪಕ್ಕದಲ್ಲೇ ಕುರ್ಚಿ. ಅರ್ಜಿ ಹಾಕಿದ್ದೂ ಆಗಿದೆ, ಇಂಟರ್‌ವ್ಯೂ ಕೊಟ್ಟದ್ದೂ ಆಗಿದೆ, ಸೋಮವಾರದಿಂದ ಬಾ ಅಂದಿದ್ದಾರೆ.

"ಸೋಮವಾರ ಅಂತೆ!" ಟೈಲರಮ್ಮ ಕೊನೆಯ ಸೂಜಿಯನ್ನು ಡಬ್ಬಿಗೆ ಎಸೆದಳು. "ನಾನು ಶಾಲೆ ಬಿಟ್ಟ ವಾರವೇ ನಿಮ್ಮಜ್ಜಿ ನನ್ನನ್ನ ಈ ಮಿಷಿನ್ ಮುಂದೆ ಕೂರಿಸಿದ್ರು. ನಿನ್ನನ್ನಾದ್ರೂ ಕಾಲೇಜು ಮೆಟ್ಟಿಲು ಹತ್ತಿಸೋಣ ಅಂತ ಕಣ್ಣು ಕಳ್ಕೊಂಡು ಹೊಲೀತಿದೀನಿ. ನೀನು ನೋಡಿದ್ರೆ ಅದೇ ಬಾಗಿಲಿಗೆ ಹೋಗಿ ನಿಂತ್ಕೊಂಡಿದೀಯಲ್ಲೇ!"

"ಅದೇ ಬಾಗಿಲಲ್ಲಮ್ಮ. ನಿನ್ನನ್ನ ಕೂರಿಸಿದ್ರು. ನಾನೇ ಹೋಗ್ತಿದೀನಿ."

ಮಗಳನ್ನು ಬೀದಿಯಲ್ಲೆಲ್ಲ ಗುಬ್ಬಿ ಅಂತಲೇ ಕರೆಯುತ್ತಿದ್ದರು. ಆಳು ಸಣ್ಣ, ಮಾತು ಜಾಸ್ತಿ. ಆದರೆ ಒಮ್ಮೆ ಹಟ ಹಿಡಿದಳೆಂದರೆ ಅಲ್ಲಿಗೆ ಮುಗಿಯಿತು. ಅಪ್ಪ ಸಿಟಿ ಬಸ್ಸಿನ ಡ್ರೈವರ್, ಮನೆಯ ಜಗಳದಲ್ಲಿ ಯಾರ ಪಕ್ಷವನ್ನೂ ಹಿಡಿಯದೆ ಯಾವ ಸ್ಟಾಪಿನಲ್ಲೂ ನಿಲ್ಲಿಸದವನು. "ಒಂದು ವರ್ಷ ನೋಡೋಣ ಬಿಡೆ. ಹಿಡಿಸ್ಲಿಲ್ಲ ಅಂದ್ರೆ ಕಾಲೇಜೇನು ಓಡಿಹೋಗುತ್ತಾ?" ಅಂದ. ಹಾಗೆ ಗುಬ್ಬಿ ಸೋಮವಾರ ಆಫೀಸಿಗೆ ಹೋದಳು.

ಸಂಜೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಶುರು ಮಾಡಿದಳು. "ಅಮ್ಮಾ, ನಮ್ಮ ಮೇಡಂ ಇದಾರಲ್ಲ..."

ಮೇಡಂ ಅಂದರೆ ಅಪ್ರೆಂಟಿಸ್‌ಗಳಿಗೆ ಕೆಲಸ ಹೇಳಿಕೊಡುವ ಹಿರಿಯ ಆಡಿಟರ್. ಟೈಲರಮ್ಮನದೇ ವಯಸ್ಸಂತೆ. ಅವರೂ ಶಾಲೆಯಿಂದ ನೇರ ಬಂದು ಇದೇ ಆಫೀಸಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದವರಂತೆ. ಪಟ್ಟಿಯ ಮೇಲೆ ಬೆರಳಾಡಿಸಿದರೆ ಸಾಕು, ಎಲ್ಲಿ ತಪ್ಪಿದೆಯೋ ಅಲ್ಲಿ ಬೆರಳು ತಾನಾಗಿ ನಿಲ್ಲುತ್ತದಂತೆ. ಕಾಫಿಗೆ ಸಕ್ಕರೆ ಹಾಕುವುದಿಲ್ಲವಂತೆ. ಗೊತ್ತಿಲ್ಲ ಅನ್ನುವುದಕ್ಕೆ ನಾಚಬೇಡಿ, ಗೊತ್ತಿದ್ದ ಹಾಗೆ ನಟಿಸುವುದಕ್ಕೆ ನಾಚಿ ಅನ್ನುತ್ತಾರಂತೆ.

ಮೊದಲ ವಾರ ಟೈಲರಮ್ಮ ಖುಷಿಯಿಂದಲೇ ಕೇಳಿದಳು. ಪಾಪದ ಮಗು, ಕಡೇಪಕ್ಷ ಒಳ್ಳೆಯವರ ಕೈಗೆ ಸಿಕ್ಕಿದೆ ಅಂದುಕೊಂಡಳು. ಎರಡನೇ ವಾರ ಹೂಂಗುಟ್ಟಿದಳು. ಆಮೇಲಾಮೇಲೆ ಊಟಕ್ಕೆ ಕೂತಾಗ ಮೇಡಂ ಅನ್ನುವ ಮಾತು ಕಿವಿಗೆ ಬಿದ್ದರೆ ಸಾರು ತರುವ ನೆಪದಲ್ಲಿ ಎದ್ದು ಒಳಗೆ ಹೋಗತೊಡಗಿದಳು. ಗಂಡನಿಗೆ ಇದೊಂದು ತಮಾಷೆ. "ಇನ್ನೊಂದು ತಟ್ಟೆ ಇಡೇ, ದಿನಾ ಬರೋರಿಗೆ ನಾವು ಮರ್ಯಾದೆ ಮಾಡ್ಬೇಕಲ್ವಾ?" ಅಂದ. ಗುಬ್ಬಿ ಬಿದ್ದು ಬಿದ್ದು ನಕ್ಕಳು. ಟೈಲರಮ್ಮ ನಗಲಿಲ್ಲ.

ಇಷ್ಟು ವರ್ಷ ಆ ಹುಡುಗಿಗೆ ಯಾವುದಕ್ಕೂ ಅಮ್ಮನೇ ಕಡೆಯ ಮಾತು. ಅರ್ಧ ಕಾಲು ಮುಕ್ಕಾಲುಗಳನ್ನು ಅವಳು ಕಲಿತದ್ದು ಪಾಟಿಯ ಮೇಲಲ್ಲ, ಅಮ್ಮನ ಟೇಪಿನ ಮೇಲೆ. ಈಗ ಕಾಫಿಗೆ ಸಕ್ಕರೆ ಬೇಡ ಅನ್ನುತ್ತಿದ್ದಳು. ಮಾತಾಡುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು ಅಭ್ಯಾಸವಾಗಿತ್ತು. ಅದು ಈ ಮನೆಯಲ್ಲಿ ಯಾರಿಗೂ ಇಲ್ಲದ ಅಭ್ಯಾಸ. ಒಂದು ಶನಿವಾರ ಹೊರಗೆ ಹೋದವಳು ಸೊಂಟದವರೆಗಿದ್ದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಳು.

"ಯಾರು ಹೇಳಿದ್ರು?" ಟೈಲರಮ್ಮನ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಯಾರೂ ಹೇಳ್ಲಿಲ್ಲಮ್ಮ. ಬೆಳಿಗ್ಗೆ ಬೇಗ ರೆಡಿ ಆಗ್ಬಹುದು. ಮೇಡಂದೂ ಇಷ್ಟೇ ಇದೆ, ಅವರಿಗೆ ಬಾಚ್ಕೊಳ್ಳೋಕೆ ಒಂದು ನಿಮಿಷ ಸಾಕಂತೆ."

ಸೋಮವಾರ ಬೆಳಿಗ್ಗೆ ಟೈಲರಮ್ಮ ರೂಢಿಯ ಪ್ರಕಾರ ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಬಂದು ಕೂತಳು. ಗುಬ್ಬಿ ಆಗಲೇ ಬಾಚಿಕೊಂಡು ಬ್ಯಾಗು ಹೆಗಲಿಗೇರಿಸಿ ಬರ್ತೀನಮ್ಮ ಅಂದು ಹೊರಟೇಬಿಟ್ಟಿದ್ದಳು. ಬಾಚಣಿಗೆಯನ್ನು ಏನು ಮಾಡಬೇಕೋ ತಿಳಿಯದೆ ಟೈಲರಮ್ಮ ತನ್ನ ತಲೆಯನ್ನೇ ಇನ್ನೊಂದು ಸಲ ಬಾಚಿಕೊಂಡಳು.

ಮೊದಲ ಸಂಬಳ ಬಂದ ದಿನ ಅವಳು ಅಮ್ಮನಿಗೆ ಮಿಷಿನ್ನಿಗೆ ಸಿಕ್ಕಿಸುವ ಒಂದು ದೀಪ ತಂದಳು. ಒಳ್ಳೆಯ ದೀಪ, ಕತ್ತು ಬಗ್ಗಿಸಿದತ್ತ ಬಗ್ಗುತ್ತಿತ್ತು. ಟೈಲರಮ್ಮನಿಗೆ ಕಣ್ಣು ತುಂಬಿತು. ಆದರೆ ಅದೇ ಚೀಲದಲ್ಲಿ ಅಂಗೈ ಅಗಲದ ಕುಂಡವೊಂದಿತ್ತು. ಅದರಲ್ಲಿ ದಪ್ಪ ಎಲೆಯ ಪುಟ್ಟ ಗಿಡ.

"ಇದು?"

"ಮೇಡಂ ಟೇಬಲ್ಲಿಗೆ. ಅಲ್ಲಿ ಬಿಸಿಲು ಬರಲ್ಲ, ಅದಕ್ಕೆ ಬಿಸಿಲು ಬೇಡದ ಗಿಡ ಯಾವುದು ಅಂತ ಮೂರು ಅಂಗಡಿ ಸುತ್ತಿ ಕೇಳಿ ತಂದೆ."

ತುಂಬಿದ ಕಣ್ಣು ಅಲ್ಲೇ ಒಣಗಿತು. ದೀಪದ ಬೆಲೆ ಗಿಡಕ್ಕಿಂತ ಎಷ್ಟೋ ಪಾಲು ಹೆಚ್ಚು ಅನ್ನುವುದು ಟೈಲರಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ದೀಪ ಕಂಡ ಅಂಗಡಿಯಲ್ಲಿ ಕೊಂಡದ್ದು, ಗಿಡ ಹುಡುಕಿ ಹುಡುಕಿ ತಂದದ್ದು. ಇದೆಂಥ ಹುಚ್ಚು ಲೆಕ್ಕ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಹೊಟ್ಟೆಯುರಿ ಆರುತ್ತದೆಯೇ? ಗುಬ್ಬಿ ಮಲಗಿದ ಮೇಲೆ ಆ ಗಿಡದ ಒಂದು ಎಲೆಯನ್ನು ಉಗುರಿನಿಂದ ಒತ್ತಿ ನೋಡಿದಳು. ನೀರಿನಂಥ ರಸ ಬಂತು. ನಾಚಿಕೆಯಾಗಿ ಕೈ ಒರೆಸಿಕೊಂಡು ಹೋಗಿ ಮಲಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಟೈಲರಮ್ಮನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲೊಂದು ಬೂದು ಬಣ್ಣದ ಕೋಟು. "ಗುಬ್ಬಿ ಅಮ್ಮ ನೀವೇ ಅಲ್ವಾ?" ಅಂತ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದಳು. ಟೈಲರಮ್ಮನಿಗೆ ಬೇರೆ ಪರಿಚಯ ಬೇಕಾಗಲಿಲ್ಲ.

ಮನಸ್ಸಿನಲ್ಲಿ ಅವಳು ಎತ್ತರದ, ಹೊಳೆಯುವ ಮುಖದ ಯಾರನ್ನೋ ಕಟ್ಟಿಕೊಂಡಿದ್ದಳು. ನಿಂತಿದ್ದವಳು ಕುಳ್ಳಿ. ಕಣ್ಣ ಕೆಳಗೆ ಕಪ್ಪು, ಎಡಭುಜ ಬಲಕ್ಕಿಂತ ಸ್ವಲ್ಪ ಕೆಳಗೆ. ಕೋಟಿನ ಒಳಗಿನ ಲೈನಿಂಗು ಅಲ್ಲಲ್ಲಿ ಸವೆದು ಹೋಗಿತ್ತು. ಇಷ್ಟೇನಾ ಅನ್ನಿಸಿತು. ಇಷ್ಟಕ್ಕೇನಾ ನನ್ನ ಮಗಳು ಕುಣಿಯುತ್ತಿರುವುದು ಅನ್ನಿಸಿದ ಮೇಲಂತೂ ಉರಿ ಇಳಿಯುವ ಬದಲು ಏರಿತು.

"ಗುರುವಾರ ಒಂದು ದೊಡ್ಡ ಕಂಪನಿಯಲ್ಲಿ ನಮ್ಮ ವರದಿ ಒಪ್ಪಿಸ್ಬೇಕು. ಈಚೆಗೆ ಸಣ್ಣ ಆಗಿದೀನಿ, ಕೋಟು ಜೋಲುತ್ತೆ. ನಮ್ಮಮ್ಮನ ಕೈ ಬಿದ್ರೆ ಹಳೇದೂ ಹೊಸದಾಗುತ್ತೆ ಅಂತ ನಿಮ್ಮ ಮಗಳೇ ಹೇಳಿದ್ಲು."

ಟೈಲರಮ್ಮ ಟೇಪು ತೆಗೆದುಕೊಂಡಳು. ಬೆನ್ನು, ಭುಜ, ಎದೆ. ಮೇಡಂ ಕೈಯೆತ್ತಿ ನಿಂತುಕೊಂಡೇ ಮಾತಾಡುತ್ತಿದ್ದಳು. ಗುಬ್ಬಿ ಚುರುಕು, ಬೇಗ ಹಿಡಿದುಕೊಳ್ಳುತ್ತಾಳೆ, ಅವಸರವೊಂದು ಕಡಿಮೆಯಾಗಬೇಕು ಅಂದಳು. ಅಲ್ಲಿಯವರೆಗೆ ಸರಿಯಿತ್ತು.

"ಆ ಪರೀಕ್ಷೆ ವಿಷಯ ನೀವೂ ಜಾಸ್ತಿ ಮನಸ್ಸಿಗೆ ಹಚ್ಕೋಬೇಡಿ. ಮೊದಲ್ನೇ ಸಲ ಎಷ್ಟೋ ಜನ ಫೇಲಾಗ್ತಾರೆ, ನಾನೂ ಆಗಿದ್ದೆ. ಪಾಪ, ಅವತ್ತು ನನ್ನ ಹತ್ರ ಕೂತು ಎಷ್ಟು ಅತ್ಲು ಅಂತೀರಿ..."

ಟೇಪು ಹಿಡಿದ ಕೈ ನಿಂತುಬಿಟ್ಟಿತು.

ಗುಬ್ಬಿ ಫೇಲಾಗಿದ್ದಳು. ಅತ್ತಿದ್ದಳು. ಅಮ್ಮನ ಹತ್ತಿರ ಬಂದು ಅಲ್ಲ. ಮನೆಯಲ್ಲಿ "ರಿಸಲ್ಟ್ ಇನ್ನೂ ಬಂದಿಲ್ಲಮ್ಮ" ಅಂದಿದ್ದಳು, ಊಟ ಮಾಡುತ್ತ, ಮುಖ ನೋಡಿಕೊಂಡೇ.

"ಹೌದು, ಹೇಳಿದ್ಲು," ಅಂದಳು ಟೈಲರಮ್ಮ. ಸುಳ್ಳು ನಾಲಿಗೆಯ ಮೇಲಿಂದ ಸಲೀಸಾಗಿ ಜಾರಿತು. "ಬುಧವಾರ ಬಂದು ತಗೊಂಡ್ಹೋಗಿ."

ಆ ಸಂಜೆ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೋಟನ್ನು ಹರವಿ ಕೂತಳು. ಬೇಕಾಗಿದ್ದದ್ದು ಸೊಂಟದ ಹತ್ತಿರ ಎರಡೂ ಬದಿ ಒಂದಿಷ್ಟು ಹಿಡಿಯುವುದು, ಅಷ್ಟೇ. ಅದನ್ನು ಮಾಡಿದಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಬೆನ್ನಿನ ಮೇಲೆ, ತೋಳು ಸೇರುವ ಜಾಗದಲ್ಲಿ, ಹಿಡಿಯಬಾರದ ಕಡೆ ಗೆರೆ ಎಳೆದಳು. ಒಂದು ಬದಿ ಹೊಲಿದಳು, ಇನ್ನೊಂದು ಬದಿ ಹೊಲಿದಳು. ನೆಟ್ಟಗೆ ನಿಂತವಳಿಗೆ ಮೈಗೆ ಎರಕ ಹೊಯ್ದ ಹಾಗೆ ಕಾಣಬೇಕು, ಕೈ ಮೇಲೆತ್ತಿದರೆ ಉಸಿರು ಕಟ್ಟಬೇಕು. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲು ಒಳಗೆ ಬಿಡುವ ಹೆಚ್ಚುವರಿ ಬಟ್ಟೆಯನ್ನೂ ಕಚಕಚನೆ ಕತ್ತರಿಸಿ ಹಾಕಿದಳು. ಇಷ್ಟು ವರ್ಷದಲ್ಲಿ ಯಾರ ಬಟ್ಟೆಗೂ ಅವಳು ಹಾಗೆ ಮಾಡಿದವಳಲ್ಲ. ಇಸ್ತ್ರಿ ಒತ್ತುವಾಗ ಅವಳ ಮನಸ್ಸು ಹಗುರವಾಗಿತ್ತು ಅಂದರೆ ನಂಬಬೇಕು.

ಬುಧವಾರ ಮೇಡಂ ಕನ್ನಡಿಯ ಮುಂದೆ ಹಾಕಿಕೊಂಡು ನಿಂತು, "ಅಬ್ಬಾ, ಯಾರೋ ಬೇರೆಯವರ ಹಾಗೆ ಕಾಣ್ತಿದೀನಲ್ರೀ!" ಅಂತ ಮಗುವಿನ ಹಾಗೆ ನಕ್ಕಳು. ಕೈ ಮೇಲೆತ್ತಿ ನೋಡಲಿಲ್ಲ. ಟೈಲರಮ್ಮನೂ ಎತ್ತಿ ಅನ್ನಲಿಲ್ಲ.

ಗುರುವಾರ ಸಂಜೆ ಗುಬ್ಬಿ ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಬ್ಯಾಗಿನಿಂದ ಕೋಟು ತೆಗೆದು ಮಿಷಿನ್ನಿನ ಮೇಲಿಟ್ಟಳು. ಬೆನ್ನು ತೋಳಿನವರೆಗೆ ಬಾಯಿ ಬಿಟ್ಟಿತ್ತು.

"ಬೋರ್ಡಿನ ಮೇಲೆ ಏನೋ ತೋರ್ಸೋಕೆ ಅಂತ ಕೈ ಎತ್ತಿದ್ರು. ಪರ್ರಂತ ಶಬ್ದ. ಆ ಕಂಪನಿಯವರು ಸಾಲಾಗಿ ಕೂತಿದ್ರು, ಒಬ್ಬ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಕ್ಕ. ಮೇಡಂ ಕೋಟು ಬಿಚ್ಚಿ ಕುರ್ಚಿ ಮೇಲೆ ಹಾಕಿ ಮಾತು ಮುಂದುವರಿಸಿದ್ರು. ಅವರ ಕಿವಿ ಕೆಂಪಗಾಗಿತ್ತಮ್ಮ."

"ಹಳೇ ಬಟ್ಟೆ," ಅಂದಳು ಟೈಲರಮ್ಮ. "ಜೀವ ಇರ್ಲಿಲ್ಲ ಅದಕ್ಕೆ."

ಗುಬ್ಬಿ ಮಿಷಿನ್ನಿನ ದೀಪ ಹಾಕಿದಳು. ಕೋಟನ್ನು ಮಗುಚಿ ಒಳಗಿನ ಹೊಲಿಗೆಯನ್ನು ದೀಪದ ಕೆಳಗೆ ಹಿಡಿದಳು. ಒಂದು ಬದಿ ನೋಡಿದಳು, ಇನ್ನೊಂದು ಬದಿ ನೋಡಿದಳು. ಗೋಡೆಯ ಮೊಳೆಯಿಂದ ಟೇಪು ತೆಗೆದು ಎರಡನ್ನೂ ಅಳೆದಳು. ಇದು ಅವಳಿಗೆ ಆಫೀಸು ಕಲಿಸಿದ ಬುದ್ಧಿಯೋ ಅಮ್ಮ ಕಲಿಸಿದ ಬುದ್ಧಿಯೋ ಹೇಳುವುದು ಕಷ್ಟ.

"ಕೈತಪ್ಪಿ ಆಗಿದ್ರೆ ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಆಗಿರ್ತಿತ್ತು," ಅಂದಳು ಮೆಲ್ಲಗೆ. "ಎರಡೂ ಕಡೆ ಒಂದೇ ಸಮ ಇದೆ. ಒಳಗಿನ ಬಟ್ಟೆ ಕೂಡ ಕತ್ತರಿಸಿದೀಯ. ನೀನು ಯಾವತ್ತೂ ಕತ್ತರಿಸಲ್ಲ. ಇದು ತಪ್ಪಲ್ಲಮ್ಮ. ಬೇಕಂತ ಮಾಡಿದ್ದು."

ಟೈಲರಮ್ಮ ಏನೋ ಹೇಳಲು ಹೋದಳು. ಬಾಯಿಗೆ ಬಂದದ್ದು ಬೇರೆಯೇ.

"ಫೇಲಾಗಿದ್ದು ನನಗೆ ಯಾಕೆ ಹೇಳ್ಲಿಲ್ಲ ನೀನು?"

ಗುಬ್ಬಿ ಬೆಚ್ಚಿದಳು.

"ಅವಳ ಮುಂದೆ ಅಳ್ತೀಯ. ನನ್ನ ಮುಂದೆ ಸುಳ್ಳು ಹೇಳಿ ಊಟ ಮಾಡ್ತೀಯ. ಹೆತ್ತವಳು ನಾನು ಕಣೇ! ಯಾರೋ ದಾರಿಹೋಕರ ಹಾಗೆ ಅವಳ ಬಾಯಿಂದ ಕೇಳ್ಬೇಕಾ ನಾನು? ಟೇಪು ಹಿಡ್ಕೊಂಡು ನಿಂತು, ಅವಳ ಮೈ ಅಳೀತಾ ಕೇಳ್ಬೇಕಾ?"

"ನಿನಗೆ ಹೇಳಿದ್ರೆ ಏನಂತಿದ್ದೆ?" ಗುಬ್ಬಿಯ ದನಿಯೂ ಏರಿತು. "ಹೇಳಮ್ಮ, ಏನಂತಿದ್ದೆ? ಬಡ್ಕೊಂಡೆ ಕಾಲೇಜಿಗೆ ಹೋಗು ಅಂತ, ಕೇಳಿದ್ಯಾ ಅಂತಿದ್ದೆ. ನನಗೆ ಅವತ್ತು ಅಳೋಕೆ ಒಂದು ಜಾಗ ಬೇಕಿತ್ತು, ಅಷ್ಟೇ. ಬೈಸ್ಕೊಳ್ಳೋಕಲ್ಲ."

ಹೌದು, ಟೈಲರಮ್ಮ ಅದೇ ಮಾತನ್ನು ಅನ್ನುತ್ತಿದ್ದಳು. ಒಂದಕ್ಷರ ಆಚೀಚೆ ಇಲ್ಲದೆ, ಕೈ ಸೊಂಟದ ಮೇಲಿಟ್ಟುಕೊಂಡು ಅಂದೇ ಅನ್ನುತ್ತಿದ್ದಳು. ಗುಬ್ಬಿ ಬ್ಯಾಗು ಎತ್ತಿಕೊಂಡು ಮನೆಗೆ ಹೋದಳು. ಕೋಟು ಅಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮೇಡಂ ಹೆಸರು ಬರಲಿಲ್ಲ. ಟೈಲರಮ್ಮ ಬಯಸಿದ್ದು ಇದೇ ಅಲ್ಲವೇ? ಆದರೆ ಬೇರೆ ಮಾತೂ ಬರಲಿಲ್ಲ. ಗುಬ್ಬಿ ಊಟ ಮಾಡುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ಪುಸ್ತಕ ಹಿಡಿದು ಗೋಡೆಗೆ ಒರಗುತ್ತಿದ್ದಳು. "ಏನೇ ಇದು, ಮನೆಯೋ ಲೈಬ್ರರಿಯೋ?" ಅಂತ ಗಂಡ ಕೇಳಿದರೆ ಇಬ್ಬರೂ ಅವನನ್ನೇ ನೋಡಿದರು. ಅವನು ತೆಪ್ಪಗೆ ನೀರು ಕುಡಿದ.

ಟೈಲರಮ್ಮ ಕೋಟನ್ನು ಪೂರ್ತಿ ಬಿಚ್ಚಿದಳು. ಕತ್ತರಿಸಿ ಎಸೆದ ಬಟ್ಟೆಯನ್ನು ಮತ್ತೆ ಹುಟ್ಟಿಸಲು ಬರುವುದಿಲ್ಲ. ಕೆಳಗಿನ ಮಡಿಕೆಯ ಒಳಗಿಂದ ಅದೇ ಬಣ್ಣದ ತುಂಡು ತೆಗೆದು ಬೆನ್ನಿನ ಎರಡೂ ಬದಿಗೆ ಸಣ್ಣ ಪಟ್ಟಿ ಸೇರಿಸಿದಳು. ಸವೆದ ಲೈನಿಂಗು ಕಿತ್ತು ಹೊಸದು ಹಾಕಿದಳು. ಗಮನವಿಟ್ಟು ನೋಡಿದವರಿಗೆ ಜೋಡಣೆ ಕಾಣುತ್ತಿತ್ತು. ಅದನ್ನು ಮುಚ್ಚಲು ಯಾವ ಉಪಾಯವೂ ಇರಲಿಲ್ಲ. ಮಗಳ ಕೈಯಲ್ಲಿ ಕಳಿಸಬಹುದಿತ್ತು. ಕಳಿಸಲಿಲ್ಲ. ತಾನೇ ಚೀಲದಲ್ಲಿ ಹಾಕಿಕೊಂಡು ಗಂಡನ ಬಸ್ಸಿನಲ್ಲೇ ಪೇಟೆಗೆ ಹೋದಳು.

ಆಫೀಸು ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಗೋಡೆಯುದ್ದಕ್ಕೂ ಹಗ್ಗ ಕಟ್ಟಿದ ಫೈಲುಗಳು, ಮೂಲೆಯಲ್ಲಿ ಗುಡುಗುಡು ಅನ್ನುವ ನೀರಿನ ಯಂತ್ರ. ಕೂತಿರಿ ಅಂದರು. ಎದುರಿಗೆ ಗಾಜಿನ ಕೋಣೆ. ಒಳಗೆ ಗುಬ್ಬಿ, ಪಕ್ಕದಲ್ಲಿ ತಂದೆಯ ವಯಸ್ಸಿನ ಒಬ್ಬ ಸಿಮೆಂಟ್ ವ್ಯಾಪಾರಿ. ಅವನ ಕಾಗದದ ಕಂತೆಯನ್ನು ಒಂದೊಂದಾಗಿ ತಿರುವುತ್ತ, ಒಂದರ ಹತ್ತಿರ ನಿಂತು ಏನೋ ಕೇಳಿದಳು. ಅವನು ಕೈಯಾಡಿಸಿ ಮಾತು ಹಾರಿಸಲು ನೋಡಿದ. ಗುಬ್ಬಿ ನಗುನಗುತ್ತಲೇ ಕಾಗದವನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಅವನು ಕನ್ನಡಕ ಹಾಕಿಕೊಂಡ.

ಟೈಲರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಈ ಹುಡುಗಿಯನ್ನು ಅವಳು ಕಂಡಿರಲೇ ಇಲ್ಲ. ಹೆಮ್ಮೆ ಬಂತು, ಅದರ ಬೆನ್ನಿಗೇ ಇನ್ನೊಂದು ಬಂತು. ಇದನ್ನು ಆ ಮೇಡಂ ದಿನಾ ನೋಡುತ್ತಾಳಲ್ಲ, ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ!

ಮೇಡಂ ಹೊರಗೆ ಬಂದಳು. ಟೈಲರಮ್ಮ ಎದ್ದು ಕೋಟನ್ನು ಎರಡು ಕೈಯಿಂದ ಚಾಚಿದಳು. ಹಳೇ ಬಟ್ಟೆ ಅನ್ನುವ ಮಾತನ್ನು ಬಸ್ಸಿನುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದಳು.

"ಬೇಕಂತಲೇ ಕೆಡಿಸಿದೆ," ಅಂದಳು. "ಹೊಟ್ಟೆಕಿಚ್ಚಿಗೆ. ಮಗಳು ನಿಮ್ಮನ್ನ ಹಚ್ಕೊಂಡಿದ್ದು ನೋಡೋಕಾಗ್ಲಿಲ್ಲ ನನಗೆ."

ಮೇಡಂ ಕೋಟನ್ನು ತೆಗೆದುಕೊಳ್ಳಲಿಲ್ಲ.

"ನಾನು ಅವತ್ತು ಮನೆಗೆ ಹೋಗಿ ಊಟ ಮಾಡ್ಲಿಲ್ಲ," ಅಂದಳು. "ನಾನೇ ಮತ್ತೆ ದಪ್ಪಗಾದೆನೇನೋ, ವಯಸ್ಸಾಯ್ತೇನೋ, ನನಗೇ ಇದೆಲ್ಲ ಒಪ್ಪಲ್ವೇನೋ ಅಂತ ಏನೇನೋ ಅಂದ್ಕೊಂಡೆ. ನೀವು ಮಾಡಿದ್ದು ಅಂತ ಅನ್ನಿಸ್ಲೇ ಇಲ್ಲ."

"ತಪ್ಪಾಯ್ತು."

"ಆಯ್ತು. ಆದ್ರೆ ನನ್ನ ಕೋಪ ಇಷ್ಟು ಬೇಗ ಹೋಗಲ್ಲ. ಅದನ್ನ ನಿಮ್ಮ ಮಗಳ ಮೇಲೆ ತೀರಿಸ್ಕೊಳ್ಳಲ್ಲ, ಆ ಭಯ ಬೇಡ." ಕೋಟು ತೆಗೆದುಕೊಂಡಳು. ತೋಳಿನೊಳಗೆ ಕೈ ತೂರಿಸಿ, ಅಲ್ಲೇ, ಎಲ್ಲರೆದುರು, ಎರಡೂ ಕೈಗಳನ್ನು ನೆತ್ತಿಯ ಮೇಲಕ್ಕೆ ಎತ್ತಿ ನೋಡಿದಳು. ಕೋಟು ಜಗ್ಗಲಿಲ್ಲ. ಕೋಟು ಹಾಕಿಕೊಂಡೇ ಒಳಗೆ ಹೋದಳು.

ಟೈಲರಮ್ಮ ಖಾಲಿ ಚೀಲ ಮಡಿಸಿಕೊಂಡು ಮೆಟ್ಟಿಲಿಳಿದಳು. ಕ್ಷಮಿಸಿದೆ ಅಂದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ. ಅಷ್ಟಾದರೂ ಆ ಹೆಂಗಸಿನ ಬಗ್ಗೆ ಮೊದಲ ಸಲ ಒಂದು ಗೌರವ ಹುಟ್ಟಿತು. ಸಿಹಿ ಮಾತಾಡಿ ಕಳಿಸಲಿಲ್ಲವಲ್ಲ.

ಅಮ್ಮ ಬಂದು ಹೋದದ್ದು ಗುಬ್ಬಿಗೆ ಹೇಗೋ ತಿಳಿಯಿತು. ಒಂದು ಭಾನುವಾರ ಅಂಗಡಿಗೆ ಬಂದು ಬಟ್ಟೆ ರಾಶಿ ಸರಿಸಿ ಜಾಗ ಮಾಡಿಕೊಂಡು ಕೂತಳು.

"ಮತ್ತೆ ಪರೀಕ್ಷೆ ಇದೆ. ನಾನು ಬಾಯಿಪಾಠ ಹೇಳ್ತೀನಿ, ನೀನು ಪುಸ್ತಕ ನೋಡ್ಕೊಂಡು ಸರಿ ಇದೆಯಾ ಹೇಳು."

"ನನಗೆಲ್ಲಿ ಅರ್ಥ ಆಗುತ್ತೇ ಅದು?"

"ಅರ್ಥ ಆಗೋದು ಬೇಡ. ಬಿಟ್ಟುಹೋದ್ರೆ ಹೇಳು ಸಾಕು."

ಆಸ್ತಿ, ಹೊಣೆ, ಸವಕಳಿ, ಬಾಕಿ ಅಂತ ಅವಳು ಹೇಳುತ್ತ ಹೋದಳು. ಟೈಲರಮ್ಮ ಸಾಲಿನ ಕೆಳಗೆ ಬೆರಳಿಟ್ಟು ಹಿಂಬಾಲಿಸಿದಳು. ಒಂದು ಕಡೆ ಗುಬ್ಬಿ ತಡವರಿಸಿ ನಿಂತಾಗ ಕಾಲೇಜಿನ ಮಾತು ಟೈಲರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಇನ್ನೊಂದ್ಸಲ ಮೊದಲಿಂದ ಹೇಳು" ಅಂದಳು.

ಪರೀಕ್ಷೆ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಟೈಲರಮ್ಮ ಗಿರಾಕಿಯೊಬ್ಬಳ ತೋಳು ಅಳೆಯುತ್ತಿದ್ದಳು.

"ಅಮ್ಮಾ, ಪಾಸು! ಒಳ್ಳೇ ನಂಬರ್ ಬಂದಿದೆ!"

ಟೈಲರಮ್ಮ ಕೂಗಿಕೊಂಡಳು, ಗಿರಾಕಿಗೆ ಹೇಳಿದಳು, ಎದುರಿನ ಅಂಗಡಿಯವನಿಗೆ ಕೈಬೀಸಿ ಹೇಳಿದಳು. ಮತ್ತೆ ಫೋನು ಕಿವಿಗಿಟ್ಟುಕೊಂಡಾಗ, ಕೇಳಬಾರದು ಕೇಳಬಾರದು ಅಂದುಕೊಳ್ಳುತ್ತಲೇ ಕೇಳಿಬಿಟ್ಟಳು.

"ಮೇಡಂಗೆ ಹೇಳಿದ್ಯಾ?"

"ಹೂಂ ಅಮ್ಮ. ಅವರಿಗೇ ಮೊದಲು ಹೇಳಿದ್ದು. ಪಕ್ಕದಲ್ಲೇ ಇದ್ರು."

ಚುಚ್ಚಿತು. ಸರಿಯಾದ ಜಾಗಕ್ಕೇ ಚುಚ್ಚಿತು. ಟೈಲರಮ್ಮ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಗಿರಾಕಿಗೆ ಒಂದು ನಿಮಿಷ ಅಂತ ಸನ್ನೆ ಮಾಡಿ, ಸ್ಟೂಲೆಳೆದು ಕೂತಳು.

"ಏನಂದ್ರು ಅವರು? ಇರು, ಹೀಗೆ ಚುಟುಕಾಗಿ ಹೇಳ್ಬೇಡ. ನೀನು ರಿಸಲ್ಟ್ ನೋಡಿದಲ್ಲಿಂದ ಶುರುಮಾಡಿ ಹೇಳು."